ಉಸಿರೂ ಒಂದು ಪ್ರಾಣ

ಜೈನ ಗೃಹಸ್ಥನ ದಿನಚರಿ ಎಚ್ಚರಿಕೆಯ ಮೇಲೆ ನಿಂತಿದೆ. ನೀರನ್ನು ಸೋಸಿ ಕುಡಿಯುವುದು, ಸೂರ್ಯಾಸ್ತಕ್ಕೆ ಮುನ್ನ ಉಣ್ಣುವುದು, ಧಾನ್ಯವನ್ನು ಆರಿಸಿ ಬಳಸುವುದು, ಒಲೆ ಹೊತ್ತಿಸುವ ಮೊದಲು ಸೌದೆಯನ್ನು ಕೊಡವಿ ನೋಡುವುದು, ಇವೆಲ್ಲ ಕಣ್ಣಿಗೆ ಕಾಣದ ಜೀವಿಗಳ ಮೇಲಿನ ಕರುಣೆಯಿಂದ ಹುಟ್ಟಿದ ಆಚಾರಗಳು. ಇಷ್ಟು ಸೂಕ್ಷ್ಮವಾಗಿ ಪರಜೀವಿಯ ಪ್ರಾಣವನ್ನು ಕಾಯುವವನು ತನ್ನ ಪ್ರಾಣದ ವಿಷಯದಲ್ಲಿ ಎಷ್ಟು ಎಚ್ಚರದಿಂದಿರಬೇಕು? ಸುಖಕ್ಕಾಗಿ ತನ್ನ ದೇಹಕ್ಕೆ ತಾನೇ ಮಾಡಿಕೊಳ್ಳುವ ಹಾನಿ ಬರಿಯ ಅವಿವೇಕವೋ, ಅಥವಾ ಶಾಸ್ತ್ರ ಹೇಳುವ ಅರ್ಥದಲ್ಲಿಯೇ ಹಿಂಸೆಯೋ? ಈ ಪ್ರಶ್ನೆ ಹಳೆಯದು. ಆದರೆ ಇಂದಿನ ಒಂದು ಅಭ್ಯಾಸವು ಅದನ್ನು ಹೊಸದಾಗಿ ನಮ್ಮ ಮುಂದೆ ತಂದು ನಿಲ್ಲಿಸಿದೆ.

ಆ ಅಭ್ಯಾಸ ಹುಕ್ಕಾ ಸೇವನೆ. ಬೀಡಿ, ಸಿಗರೇಟುಗಳನ್ನು ಮುಟ್ಟದ, ಮದ್ಯವನ್ನು ದೂರವಿಟ್ಟಿರುವ ಸಭ್ಯ ತರುಣ ತರುಣಿಯರೂ ಇದನ್ನು ನಿರಪಾಯಕಾರಿ ವಿನೋದವೆಂದು ಭಾವಿಸುವುದುಂಟು. ಹಣ್ಣಿನ ಪರಿಮಳ, ಗೆಳೆಯರ ಕೂಟ, ನೀರಿನ ಗುಳುಗುಳು ಸದ್ದು ಇವುಗಳ ನಡುವೆ ಒಂದು ಗಂಟೆ ಕಳೆದುಹೋಗುತ್ತದೆ. ಮನೆಗೆ ಬಂದ ಮೇಲೆ ಗಂಟಲು ಕೆರೆಯುತ್ತದೆ. ಬೆಳಗಾಗುವಷ್ಟರಲ್ಲಿ ಧ್ವನಿ ಒಡೆದಿರುತ್ತದೆ, ಎದೆಯ ಮೇಲೆ ಭಾರವಿಟ್ಟಂತಾಗಿ ಆಳವಾಗಿ ಉಸಿರೆಳೆಯಲು ಕಷ್ಟವಾಗುತ್ತದೆ. ಬೆಚ್ಚಗಿನ ನೀರು ಕುಡಿದು, ಎರಡು ದಿನಗಳಲ್ಲಿ ಅದನ್ನು ಮರೆತು, ಮುಂದಿನ ವಾರ ಮತ್ತೆ ಅಲ್ಲಿಗೇ ಹೋಗುತ್ತಾರೆ. ಮರೆತುಹೋಗುವ ಈ ಚಿಕ್ಕ ನೋವಿನಲ್ಲಿ ದೊಡ್ಡದೊಂದು ಧರ್ಮಸೂಕ್ಷ್ಮ ಅಡಗಿದೆ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ನೋವಿನ ಕಾರಣಗಳು

ಮೊದಲು ವಸ್ತುಸ್ಥಿತಿಯನ್ನು ತಿಳಿಯೋಣ. ಹುಕ್ಕಾದ ತುದಿಯ ಬಟ್ಟಲಿನಲ್ಲಿ ಕಾಕಂಬಿ ಅಥವಾ ಜೇನು, ಗ್ಲಿಸರಿನ್ ಮತ್ತು ಸುಗಂಧ ಬೆರೆಸಿದ ಹೊಗೆಸೊಪ್ಪು ಇರುತ್ತದೆ. ಅದರ ಮೇಲೆ ಇದ್ದಿಲಿನ ಕೆಂಡ. ಸೇದುವವನು ಎಳೆದಾಗ ಕೆಂಡದ ಬಿಸಿಗಾಳಿ ಹೊಗೆಸೊಪ್ಪನ್ನು ಸುಡುತ್ತದೆ. ಹೊಗೆ ಕೊಳವೆಯಲ್ಲಿ ಇಳಿದು, ನೀರನ್ನು ಹಾದು, ನಳಿಕೆಯ ಮೂಲಕ ಬಾಯಿಗೆ ಬರುತ್ತದೆ. ಹೀಗೆ ಒಳಗೆ ಹೋಗುವುದು ಹೊಗೆಸೊಪ್ಪಿನ ಹೊಗೆಯೊಂದೇ ಆಗಿರದೆ ಇದ್ದಿಲಿನ ಹೊಗೆಯೂ ಆಗಿರುತ್ತದೆ.

ಈ ಹೊಗೆಯಲ್ಲಿರುವ ಅಕ್ರೋಲೀನ್, ಫಾರ್ಮಾಲ್ಡಿಹೈಡ್ ಮೊದಲಾದ ರಾಸಾಯನಿಕಗಳು ಗಂಟಲಿನ ತೇವವಾದ ಒಳಪದರವನ್ನು ಕೆರಳಿಸುತ್ತವೆ. ಕೆರೆತ, ಉರಿ, ಒಣಕೆಮ್ಮು ಇದರ ಫಲ. ಶ್ವಾಸನಾಳದ ಒಳಗೋಡೆಯಲ್ಲಿ ಸೂಕ್ಷ್ಮ ರೋಮಗಳಿವೆ. ಅವು ಹಗಲಿರುಳೂ ಅಲುಗುತ್ತ ಧೂಳನ್ನೂ ಕಫವನ್ನೂ ಮೇಲಕ್ಕೆ ತಳ್ಳುತ್ತವೆ. ಹೊಗೆ ಈ ಕೆಲಸವನ್ನು ಕುಂಠಿತಗೊಳಿಸುವುದರಿಂದ ಕಫ ಎದೆಯಲ್ಲಿಯೇ ನಿಲ್ಲುತ್ತದೆ. ಶ್ವಾಸನಾಳ ಸಂಕುಚಿತಗೊಂಡು ಎದೆ ಬಿಗಿಯುತ್ತದೆ. ಉಬ್ಬಸವಿರುವವರಿಗೆ ಇದು ತೀವ್ರವಾಗುತ್ತದೆ. ನಿಕೋಟಿನ್ ಹೃದಯದ ಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. ಅನ್ನನಾಳದ ಕೆಳತುದಿಯ ಬಿಗಿಯನ್ನು ಅದು ಸಡಿಲಿಸುವುದರಿಂದ ಜಠರದ ಆಮ್ಲ ಮೇಲೇರಿ ಎದೆಯುರಿಯೂ ಕಾಣಿಸಿಕೊಳ್ಳಬಹುದು.

ಇವೆಲ್ಲಕ್ಕಿಂತ ಅಪಾಯಕಾರಿಯಾದುದು ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚಿನ ಬಲದಿಂದ ಇದಕ್ಕೆ ಅಂಟಿಕೊಳ್ಳುತ್ತದೆ. ಉಸಿರು ನಡೆಯುತ್ತಿದ್ದರೂ ಅಂಗಾಂಗಗಳಿಗೆ ಆಮ್ಲಜನಕ ತಲುಪುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಎದೆಬಡಿತ, ಕೆಲವೊಮ್ಮೆ ಪ್ರಜ್ಞೆ ತಪ್ಪುವಿಕೆ ಇದರ ಲಕ್ಷಣಗಳು. ಹಲವರು 'ಹುಕ್ಕಾದ ಮತ್ತು' ಎಂದು ಕರೆಯುವ ತಲೆ ಹಗುರಾಗುವ ಅನುಭವದಲ್ಲಿ ನಿಕೋಟಿನ್ನಿನ ಜೊತೆಗೆ ಈ ವಿಷದ ಪಾಲೂ ಇರಬಲ್ಲದು. ಹೊಗೆಸೊಪ್ಪಿಲ್ಲದ 'ಗಿಡಮೂಲಿಕೆ ಹುಕ್ಕಾ' ಎಂದು ಮಾರುವುದರಲ್ಲಿಯೂ ಕೆಂಡವಿರುವುದರಿಂದ ಈ ಅಪಾಯ ತಪ್ಪುವುದಿಲ್ಲ.

ನೀರು ಸೋಸುತ್ತದೆಯೆ?

ಹುಕ್ಕಾವನ್ನು ಸಮರ್ಥಿಸುವವರ ಮುಖ್ಯ ವಾದ ಒಂದೇ: ಹೊಗೆ ನೀರಿನ ಮೂಲಕ ಬರುವುದರಿಂದ ಶುದ್ಧವಾಗುತ್ತದೆ. ಈ ಮಾತು ನಮ್ಮ ಸಮಾಜದವರಿಗೆ ಸುಲಭವಾಗಿ ಹಿಡಿಸುವಂಥದು, ಏಕೆಂದರೆ ಸೋಸುವುದು ನಮ್ಮಲ್ಲಿ ಧರ್ಮಾಚರಣೆ. ಆದರೆ ನಾವು ನೀರು ಸೋಸುವ ಕ್ರಮವನ್ನೊಮ್ಮೆ ಸ್ಮರಿಸಿರಿ. ದಟ್ಟವಾದ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೋಸುತ್ತೇವೆ. ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಜಲಾಶಯಕ್ಕೆ ಜೋಪಾನವಾಗಿ ಮರಳಿಸುತ್ತೇವೆ. ಅಲ್ಲಿ ಸೋಸುವಿಕೆಯ ಹಿಂದೆ ವಿವೇಕವಿದೆ, ಪರೀಕ್ಷೆಯಿದೆ, ಹೊಣೆಯಿದೆ. ಹುಕ್ಕಾದ ನೀರು ನಿಕೋಟಿನ್ನಿನ ಒಂದು ಭಾಗವನ್ನು ಹಿಡಿದಿಡುತ್ತದೆ, ನಿಜ. ಕಾರ್ಬನ್ ಮಾನಾಕ್ಸೈಡ್ ನೀರಿನಲ್ಲಿ ಬಹುಮಟ್ಟಿಗೆ ಕರಗದೆ ಹಾಗೆಯೇ ದಾಟಿಬರುತ್ತದೆ. ಟಾರಿನ ಬಹುಪಾಲೂ ದಾಟಿಬರುತ್ತದೆ.

ನೀರು ನಿಜವಾಗಿ ಮಾಡುವ ಕೆಲಸ ಹೊಗೆಯನ್ನು ತಂಪುಗೊಳಿಸುವುದು. ಬಿಸಿಯಾದ ಒರಟು ಹೊಗೆಯನ್ನು ಗಂಟಲು ಕೂಡಲೇ ಕೆಮ್ಮಿ ಹೊರಹಾಕುತ್ತದೆ. ಅದು ದೇಹದ ದ್ವಾರಪಾಲಕನ ಕೆಲಸ. ತಂಪಾದ, ಪರಿಮಳದ ಹೊಗೆ ಆ ದ್ವಾರಪಾಲಕನನ್ನು ವಂಚಿಸಿ ಎದೆಯ ಆಳಕ್ಕೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 2005ರಲ್ಲಿ ಹೊರಡಿಸಿದ ಸಲಹಾ ಟಿಪ್ಪಣಿಯ ಲೆಕ್ಕ ಹೀಗಿದೆ: ಸಿಗರೇಟು ಸೇದುವವನು 5ರಿಂದ 7 ನಿಮಿಷಗಳಲ್ಲಿ 8ರಿಂದ 12 ಬಾರಿ ಎಳೆದು ಸುಮಾರು ಅರ್ಧ ಲೀಟರಿನಷ್ಟು ಹೊಗೆಯನ್ನು ಒಳಗೆಳೆದುಕೊಳ್ಳುತ್ತಾನೆ. ಹುಕ್ಕಾದ ಒಂದು ಕೂಟ 20ರಿಂದ 80 ನಿಮಿಷ ನಡೆಯುತ್ತದೆ, 50ರಿಂದ 200 ಬಾರಿ ಎಳೆಯಲಾಗುತ್ತದೆ, ಒಂದೊಂದು ಎಳೆತಕ್ಕೂ 0.15ರಿಂದ 1 ಲೀಟರ್ ಹೊಗೆ. ಹೊಗೆಯ ಪ್ರಮಾಣವನ್ನಷ್ಟೇ ನೋಡಿದರೂ ಒಂದು ಕೂಟ 100 ಅಥವಾ ಅದಕ್ಕೂ ಹೆಚ್ಚು ಸಿಗರೇಟುಗಳಿಗೆ ಸಮನಾಗಬಹುದು. 'ಮೃದು' ಎಂಬ ಭಾವನೆಯೇ ಇಲ್ಲಿ ಅಪಾಯದ ಮೂಲ.

ಇನ್ನೊಂದು ಸಂಗತಿ. ಈ ಸುಗಂಧ ಮಿಶ್ರಣಕ್ಕೆ ಅರಬ್ ನಾಡುಗಳಲ್ಲಿರುವ ಹೆಸರು 'ಮುಅಸ್ಸಲ್'. ಜೇನು ಎಂಬರ್ಥದ ಅರಬ್ಬೀ ಶಬ್ದದಿಂದ ಅದು ಬಂದಿದೆ. ಮದ್ಯ, ಮಾಂಸ, ಮಧು ಇವುಗಳ ತ್ಯಾಗದಿಂದಲೇ ಶ್ರಾವಕನ ಮೂಲಗುಣಗಳು ಆರಂಭವಾಗುತ್ತವೆ. ನಾಲಗೆಗೆ ಜೇನನ್ನು ತಾಗಿಸದವನು ಅದನ್ನು ಹೊಗೆಯಾಗಿ ಎದೆಗಿಳಿಸುವುದು ಯಾವ ನಿಯಮಪಾಲನೆ?

ಹೆಸರಿಸದ ವ್ಯಸನ

'ಸಪ್ತವ್ಯಸನಗಳ ಪಟ್ಟಿಯಲ್ಲಿ ಹುಕ್ಕಾ ಇಲ್ಲವಲ್ಲ' ಎಂದು ಕೇಳುವ ಯುವಕರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಉತ್ತರ ಇತಿಹಾಸದಲ್ಲಿದೆ. ಆಚಾರ್ಯ ಸಮಂತಭದ್ರರೂ ಅಮೃತಚಂದ್ರರೂ ಗ್ರಂಥ ರಚಿಸಿದ ಕಾಲಕ್ಕೆ ಹೊಗೆಸೊಪ್ಪಿನ ಗಿಡ ಭಾರತದಲ್ಲಿಯೇ ಇರಲಿಲ್ಲ. ಅದು ಅಮೆರಿಕ ಖಂಡದ ಸಸ್ಯ. ಪೋರ್ಚುಗೀಸರ ಮೂಲಕ ನಮ್ಮ ಪಶ್ಚಿಮ ಕರಾವಳಿಗೆ ಬಂದಿತು. ಅಕ್ಬರನ ದೂತನಾದ ಅಸದ್ ಬೇಗ್ ಹದಿನೇಳನೆಯ ಶತಮಾನದ ಆರಂಭದಲ್ಲಿ ನಮ್ಮ ವಿಜಾಪುರಕ್ಕೆ ಬಂದಾಗ ಮೊದಲ ಬಾರಿಗೆ ಹೊಗೆಸೊಪ್ಪನ್ನು ಕಂಡು, ಅದನ್ನೂ ಅಲಂಕೃತವಾದ ನಳಿಕೆಯನ್ನೂ ಬಾದಶಹನಿಗೆ ಕೊಂಡೊಯ್ದ ವೃತ್ತಾಂತವನ್ನು ಬರೆದಿಟ್ಟಿದ್ದಾನೆ. ಆಸ್ಥಾನದ ವೈದ್ಯನು ಅಪರಿಚಿತ ವಸ್ತುವನ್ನು ಪರೀಕ್ಷಿಸದೆ ಸೇವಿಸಬಾರದೆಂದು ತಡೆದನು. ಅಕ್ಬರನು ಒಂದೆರಡು ಬಾರಿ ಎಳೆದು ಬಿಟ್ಟನು. ಆದರೆ ಸರದಾರರಲ್ಲಿ ಅಭ್ಯಾಸ ಹಬ್ಬಿತು. ಜಹಾಂಗೀರನು 1617ರಲ್ಲಿ ಧೂಮಪಾನವನ್ನು ನಿಷೇಧಿಸಬೇಕಾಯಿತು. ಆ ವೈದ್ಯನ ಮಾತು ನಾಲ್ಕು ಶತಮಾನಗಳ ಮೇಲೆಯೂ ಕೇಳತಕ್ಕದ್ದಾಗಿದೆ.

ಆದ್ದರಿಂದ ಪಟ್ಟಿಯ ಮೌನವನ್ನು ಅನುಮತಿಯೆಂದು ಓದಬಾರದು. ಆಚಾರ್ಯರು ಹೆಸರುಗಳ ಜೊತೆಗೆ ತತ್ತ್ವವನ್ನೂ ಕೊಟ್ಟಿದ್ದಾರೆ. ಹೊಸ ವಸ್ತು ಬಂದಾಗ ತತ್ತ್ವದ ಒರೆಗಲ್ಲಿಗೆ ಹಚ್ಚಿ ನೋಡುವುದು ನಮ್ಮ ಕೆಲಸ.

ಸ್ವಹಿಂಸೆ ಎಂದರೇನು?

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಗೆ ಕೊಟ್ಟ ಲಕ್ಷಣದಲ್ಲಿ ಎರಡು ಅಂಶಗಳಿವೆ: ಪ್ರಮಾದದಿಂದ ಕೂಡಿದ ಪ್ರವೃತ್ತಿ ಮತ್ತು ಪ್ರಾಣಕ್ಕೆ ಆಗುವ ಘಾತ. ಯಾರ ಪ್ರಾಣಕ್ಕೆ ಎಂಬ ಮಿತಿ ಅಲ್ಲಿಲ್ಲ. ಅನ್ಯರ ಪ್ರಾಣ ಹೇಗೋ ತನ್ನ ಪ್ರಾಣವೂ ಹಾಗೆಯೇ.

ಪ್ರಾಣವೆಂದರೇನು? ನಮ್ಮ ಶಾಸ್ತ್ರ ಹತ್ತು ದ್ರವ್ಯಪ್ರಾಣಗಳನ್ನು ಎಣಿಸುತ್ತದೆ: ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ, ಶ್ವಾಸೋಚ್ಛ್ವಾಸ ಮತ್ತು ಆಯು. ಏಕೇಂದ್ರಿಯ ಜೀವಿಗೆ ಇರುವ ನಾಲ್ಕೇ ಪ್ರಾಣಗಳಲ್ಲಿಯೂ ಉಸಿರು ಒಂದು. ಹೀಗೆ ಉಸಿರು ದೇಹದ ಒಂದು ಸಾಧಾರಣ ವ್ಯಾಪಾರವಾಗಿರದೆ ಪ್ರಾಣವೆಂಬ ಗೌರವವನ್ನೇ ಪಡೆದಿದೆ. ಈಗ ಹುಕ್ಕಾ ಸೇದಿದವನ ಮರುದಿನದ ಸ್ಥಿತಿಯನ್ನು ಈ ಎಣಿಕೆಯೊಡನೆ ಹೋಲಿಸಿ ನೋಡಿ. ಎದೆಯ ಬಿಗಿತ ಶ್ವಾಸೋಚ್ಛ್ವಾಸಕ್ಕೆ ಆದ ಘಾತ. ಒಡೆದ ಧ್ವನಿ ವಚನಬಲಕ್ಕೆ ಆದ ಘಾತ. ತಲೆಸುತ್ತು ಮನೋಬಲ ಕಾಯಬಲಗಳಿಗೆ ಆದ ಘಾತ. ಹೃದಯ ಹಾಗೂ ಶ್ವಾಸಕೋಶದ ರೋಗಗಳಿಗೆ, ಕ್ಯಾನ್ಸರಿಗೆ ದಾರಿ ತೆರೆಯುವುದರಿಂದ ಅದು ಜೀವಿತಕ್ಕೇ ಒಡ್ಡಿದ ಅಪಾಯ. ಪ್ರಾಣಘಾತವೆಂಬ ಅಂಶ ಇಲ್ಲಿ ಸ್ಪಷ್ಟವಾಗಿದೆ. ಇನ್ನು ಪ್ರಮಾದ: ನೋವು ಕಂಡ ಮೇಲೂ 'ಏನೂ ಆಗುವುದಿಲ್ಲ' ಎಂದು ಮುಂದುವರಿಯುವುದಕ್ಕಿಂತ ಬೇರೆ ಪ್ರಮಾದ ಯಾವುದು?

ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇನ್ನೂ ಒಳಗೆ ಹೋಗುತ್ತಾರೆ. ರಾಗಾದಿ ಭಾವಗಳು ಹುಟ್ಟುವುದೇ ಹಿಂಸೆ. ಕಷಾಯವಶನಾದವನು ಮೊದಲು ತನ್ನಿಂದ ತನ್ನನ್ನೇ ಘಾತಿಸಿಕೊಳ್ಳುತ್ತಾನೆ, ಇತರ ಜೀವಿಗಳಿಗೆ ಹಾನಿಯಾಗುವುದು ಬಿಡುವುದು ಆಮೇಲಿನ ಮಾತು ಎಂಬುದು ಅವರ ವಿಚಾರದ ಸಾರ. ಈ ದೃಷ್ಟಿಯಲ್ಲಿ ಗಂಟಲಿನ ನೋವು ಹೊರಗಿನ ಗುರುತು. ಒಳಗಿನ ಘಾತ ಅದಕ್ಕೂ ಮೊದಲೇ, 'ಇದಿಲ್ಲದೆ ಈ ಸಂಜೆ ಸಾಗದು' ಎಂಬ ಆಸಕ್ತಿ ಮೂಡಿದಾಗಲೇ ಆಗಿರುತ್ತದೆ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಎರಡು ನೇರ ಮಾರ್ಗದರ್ಶನಗಳನ್ನು ಕೊಡುತ್ತದೆ. ಭೋಗೋಪಭೋಗ ಪರಿಮಾಣದ ಪ್ರಕರಣದಲ್ಲಿ, ಜೀವಘಾತದ ದೋಷವಿಲ್ಲದಿದ್ದರೂ ಅನಿಷ್ಟವಾದುದನ್ನು ಬಿಡಬೇಕೆಂದು ಅವರು ವಿಧಿಸುತ್ತಾರೆ. ತನ್ನ ಶರೀರಕ್ಕೆ ಒಗ್ಗದಿರುವುದು, ರೋಗಕಾರಕವಾಗಿರುವುದು ಅನಿಷ್ಟ. ಇಲ್ಲಿ ನಿರ್ಣಯ ಕೊಡುವವನು ಹೊರಗಿನ ಪಂಡಿತನಾಗಬೇಕಿಲ್ಲ. ಕೆರೆಯುವ ಗಂಟಲೇ ಸಾಕ್ಷಿ. ಎರಡನೆಯದು ಅನರ್ಥದಂಡ ವಿರತಿ. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಕಲಕುವುದು, ಬೆಂಕಿಯನ್ನು ಹೊತ್ತಿಸುವುದು, ಗಾಳಿಯನ್ನು ಕೆರಳಿಸುವುದು, ಸಸ್ಯವನ್ನು ಕತ್ತರಿಸುವುದು ಇವುಗಳನ್ನು ಪ್ರಮಾದಚರ್ಯೆ ಎಂದು ಕರೆಯಲಾಗಿದೆ. ಹುಕ್ಕಾದಲ್ಲಿ ಕೆಂಡವಿದೆ, ಕುದಿಯುವಂತೆ ಕಲಕಾಡುವ ನೀರಿದೆ, ಎಳೆದು ಬಿಡುವ ಗಾಳಿಯಿದೆ, ಸುಡುವ ಎಲೆಯಿದೆ. ಅಡುಗೆಯ ಬೆಂಕಿಗೆ ಹಸಿವೆಂಬ ಕಾರಣವಿದೆ. ಈ ಬೆಂಕಿಗೆ ಕಾರಣವೇನು?

ಎರಡು ಆಕ್ಷೇಪಗಳು

ಮೊದಲನೆಯ ಆಕ್ಷೇಪ: 'ದೇಹ ನನ್ನದು, ಹಾನಿ ನನಗೆ, ಇತರರಿಗೇನು?' ಉತ್ತರ ಎರಡು ಬಗೆಯದು. ವ್ಯವಹಾರದಲ್ಲಿ, ಹುಕ್ಕಾದ ಹೊಗೆ ಸೇದುವವನೊಬ್ಬನಲ್ಲಿಯೇ ನಿಲ್ಲುವುದಿಲ್ಲ. ಅದೇ ಕೋಣೆಯಲ್ಲಿರುವವರೂ ಬಡಿಸುವ ಕೆಲಸಗಾರರೂ ಅದನ್ನೇ ಉಸಿರಾಡುತ್ತಾರೆ. ಬಾಯಿಂದ ಬಾಯಿಗೆ ದಾಟುವ ನಳಿಕೆ ಸೋಂಕನ್ನೂ ದಾಟಿಸಬಲ್ಲದು. ಪರಮಾರ್ಥದಲ್ಲಿ, ದೇಹವು 'ನನ್ನದು' ಎಂಬ ಮಾತನ್ನೇ ಜೈನ ದರ್ಶನ ಒಪ್ಪುವುದಿಲ್ಲ. ದೇಹ ಪುದ್ಗಲ. ಆತ್ಮನು ಅದರ ಒಡೆಯನೂ ಅಲ್ಲ. ಸಂಯಮ ಸಾಧನೆಗೆ ದೊರೆತ ಈ ಮನುಷ್ಯಪರ್ಯಾಯವನ್ನು ಸಾಧನವಾಗಿ ಕಾಪಾಡಿಕೊಳ್ಳುವ ಹೊಣೆಯಷ್ಟೇ ನಮಗಿದೆ. ಯಥೇಚ್ಛವಾಗಿ ಕೆಡಿಸುವ ಹಕ್ಕು ಯಾವ ನಯದಿಂದಲೂ ಸಿದ್ಧವಾಗದು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು: 'ಉಪವಾಸದಿಂದಲೂ ದೇಹ ಬಳಲುತ್ತದೆ. ಕೇಶಲೋಚದಲ್ಲಿಯೂ ನೋವಿದೆ. ಅದು ತಪಸ್ಸಾದರೆ ಇದೇಕೆ ಹಿಂಸೆ?' ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. ದೇಹಕ್ಕೆ ಕಷ್ಟವಾಯಿತೆಂಬ ಮಾತ್ರಕ್ಕೆ ಒಂದು ಕ್ರಿಯೆ ಪಾಪವಾಗುವುದಾದರೆ ತಪಸ್ಸಿಗೇ ಸ್ಥಾನವಿರುವುದಿಲ್ಲ. ಆದ್ದರಿಂದ ಭೇದ ಇರುವುದು ಕಷ್ಟದ ಪ್ರಮಾಣದಲ್ಲಿ ಅಲ್ಲ, ಭಾವದಲ್ಲಿ. ಉಪವಾಸ ಮಾಡುವವನು ಕಷ್ಟವನ್ನು ಮೊದಲೇ ಅರಿತು, ಶಕ್ತಿಯನ್ನು ಅಳೆದುಕೊಂಡು, ಗುರುಸಾಕ್ಷಿಯಾಗಿ, ಕಷಾಯಗಳನ್ನು ಕೃಶಗೊಳಿಸಲು ಅದನ್ನು ಸ್ವೀಕರಿಸುತ್ತಾನೆ. ಹಸಿವಾದಾಗ ಅವನು ಅದನ್ನು ನೋಡುತ್ತಾನೆ, ಎಚ್ಚರ ಹೆಚ್ಚುತ್ತದೆ. ಹುಕ್ಕಾ ಸೇದುವವನು ಸುಖವನ್ನು ಬಯಸಿ ಹೋಗಿ, ಕಷ್ಟ ಬಂದಾಗ ಅದರಿಂದ ಮುಖ ತಿರುಗಿಸುತ್ತಾನೆ. ಎಚ್ಚರ ಕುಗ್ಗುತ್ತದೆ, ಆಸಕ್ತಿ ಬೆಳೆಯುತ್ತದೆ. ಒಂದರಲ್ಲಿ ದೇಹ ಬಳಲಿ ರಾಗ ಕ್ಷೀಣಿಸುತ್ತದೆ. ಇನ್ನೊಂದರಲ್ಲಿ ದೇಹವೂ ಬಳಲುತ್ತದೆ, ರಾಗವೂ ಪುಷ್ಟವಾಗುತ್ತದೆ. ನಿಕೋಟಿನ್ ಚಟ ಹತ್ತಿಸುವ ವಸ್ತು ಎಂಬ ವೈದ್ಯಶಾಸ್ತ್ರದ ಮಾತು ಈ ತಾತ್ತ್ವಿಕ ಭೇದಕ್ಕೆ ಲೌಕಿಕ ಪ್ರಮಾಣ.

ಕುಟುಂಬದಲ್ಲಿ ನಡೆಯಬೇಕಾದುದು

ಮಕ್ಕಳಲ್ಲಿ ಈ ಅಭ್ಯಾಸ ತಿಳಿದುಬಂದಾಗ ತಂದೆತಾಯಿಗಳು ಮೊದಲು ಮಾಡಬೇಕಾದುದು ವಿಚಾರಣೆಯಲ್ಲ, ಆರೋಗ್ಯದ ರಕ್ಷಣೆ. ಬೈಗುಳಕ್ಕೆ ಹೆದರಿ ಎದೆನೋವನ್ನು ಮುಚ್ಚಿಡುವ ಮಗನಿಗಿಂತ ನಿಜ ಹೇಳುವ ಮಗ ಸುರಕ್ಷಿತ. ಹುಕ್ಕಾದ ನಂತರ ತಲೆನೋವು, ವಾಕರಿಕೆ, ತಲೆಸುತ್ತು ಕಂಡರೆ ಕೂಡಲೇ ತೆರೆದ ಗಾಳಿಗೆ ಕರೆತಂದು ಆಸ್ಪತ್ರೆಗೆ ಒಯ್ಯಬೇಕು, ಕೆಂಡದ ಹೊಗೆಯ ವಿಷಯವನ್ನು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಬೇಕು. ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರ್ ಈ ವಿಷವನ್ನು ಗುರುತಿಸದೆ ಎಲ್ಲ ಸರಿಯಿದೆಯೆಂದು ತೋರಿಸಬಹುದು. ಎದೆನೋವು ತೋಳಿಗೆ ಅಥವಾ ದವಡೆಗೆ ಹರಡಿದರೆ, ಬೆವರು ಕಿತ್ತುಬಂದರೆ, ಕಫದಲ್ಲಿ ರಕ್ತ ಕಂಡರೆ ತಡಮಾಡಲಾಗದು. ಎರಡು ವಾರ ಮೀರಿದ ಕೆಮ್ಮಿಗೆ ಕ್ಷಯದ ಪರೀಕ್ಷೆಯೂ ಅಗತ್ಯ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಸ್ಥಿತಿಕರಣವೂ ಸೇರಿವೆ. ಜಾರಿದವನ ದೋಷವನ್ನು ಊರೆಲ್ಲ ಸಾರದಿರುವುದು ಉಪಗೂಹನ. ಅವನನ್ನು ಮತ್ತೆ ದಾರಿಯಲ್ಲಿ ನಿಲ್ಲಿಸುವುದು ಸ್ಥಿತಿಕರಣ. ಮನಸ್ಸು ಚಂಚಲವಾದ ಪುಷ್ಪಡಾಲನನ್ನು ವಾರಿಷೇಣ ಮುನಿಗಳು ನಿಂದಿಸದೆ ಸ್ಥಿರಗೊಳಿಸಿದ ಕಥೆ ಪಾಠಶಾಲೆಯ ಮಕ್ಕಳಿಗೂ ಗೊತ್ತು. ಅದನ್ನು ಮನೆಯಲ್ಲಿ ಆಚರಿಸುವ ಸಂದರ್ಭ ಇದು.

ಚಟವನ್ನು ಬಿಡಲು ಸಂಕಲ್ಪ ಬೇಕು. ಸಮಂತಭದ್ರರು ತ್ಯಾಗವನ್ನು ನಿಯಮ, ಯಮ ಎಂದು ವಿಂಗಡಿಸಿದ್ದಾರೆ. ಕಾಲಮಿತಿಯುಳ್ಳದ್ದು ನಿಯಮ, ಯಾವಜ್ಜೀವದ್ದು ಯಮ. ತರುಣನು ಮೊದಲು ದಶಲಕ್ಷಣ ಪರ್ವದ ಹತ್ತು ದಿನಗಳಿಗೆ ನಿಯಮ ತೆಗೆದುಕೊಳ್ಳಲಿ, ಆಮೇಲೆ ಚಾತುರ್ಮಾಸಕ್ಕೆ ವಿಸ್ತರಿಸಲಿ. ಸ್ಥೈರ್ಯ ಬಂದಾಗ ಯಮ ತಾನಾಗಿ ಬರುತ್ತದೆ. ವೈದ್ಯಕೀಯ ನೆರವು ಪಡೆಯುವುದರಲ್ಲಿ ಸಂಕೋಚ ಬೇಡ. ಹೊಗೆಸೊಪ್ಪು ತ್ಯಜಿಸಲು ನೆರವಾಗುವ ರಾಷ್ಟ್ರೀಯ ಉಚಿತ ದೂರವಾಣಿ 1800-11-2356ರಲ್ಲಿ ಸಲಹೆ ಸಿಗುತ್ತದೆ.

ಬಸದಿಯ ಟ್ರಸ್ಟುಗಳ ಹೊಣೆ

ಅನರ್ಥದಂಡದ ಐದು ಭೇದಗಳಲ್ಲಿ ಹಿಂಸಾದಾನವೂ ಒಂದು. ಹಿಂಸೆಯ ಉಪಕರಣಗಳನ್ನು, ವಿಷವನ್ನು, ಬೆಂಕಿಯನ್ನು ಇತರರಿಗೆ ಒದಗಿಸುವುದು ಅದರ ಅರ್ಥ. ಸಮಾಜದ ಕೆಲವು ಟ್ರಸ್ಟುಗಳಿಗೆ, ಕುಟುಂಬಗಳಿಗೆ ಪೇಟೆಯಲ್ಲಿ ಮಳಿಗೆಗಳಿವೆ, ಕಲ್ಯಾಣ ಮಂಟಪಗಳಿವೆ. ಆ ಮಳಿಗೆಯಲ್ಲಿ ಬಾಡಿಗೆದಾರನು ಏನು ಮಾರುತ್ತಾನೆ ಎಂಬುದು ಬಾಡಿಗೆ ಪಡೆಯುವವನ ಧರ್ಮಕ್ಕೆ ಸಂಬಂಧಿಸಿದ ಮಾತು. ಬಾಡಿಗೆ ಪತ್ರದಲ್ಲಿಯೇ ಹುಕ್ಕಾ ಹಾಗೂ ಹೊಗೆಸೊಪ್ಪಿನ ನಿಷೇಧವನ್ನು ಬರೆಸುವುದು, ಮದುವೆಯ ಮುನ್ನಾದಿನದ ಕೂಟಗಳಲ್ಲಿ ಅದಕ್ಕೆ ಎಡೆಗೊಡದಿರುವುದು ಕಷ್ಟದ ಕೆಲಸವೇನಲ್ಲ. ಅಂತಹ ಬಾಡಿಗೆಯ ಹಣದಿಂದ ನಡೆಯುವ ಅಭಿಷೇಕದಲ್ಲಿ ಎಷ್ಟು ಶುದ್ಧಿ ಉಳಿದೀತು ಎಂಬುದನ್ನು ವಿಶ್ವಸ್ಥರು ತಾವೇ ಯೋಚಿಸಲಿ.

ಕರ್ನಾಟಕದಲ್ಲಿ ಈಗ ಕಾನೂನಿನ ಬಲವೂ ಇದೆ. ರಾಜ್ಯ ಸರ್ಕಾರ 2024ರ ಫೆಬ್ರವರಿಯಲ್ಲಿ ಹುಕ್ಕಾ ಮಾರಾಟ ಮತ್ತು ಸೇವನೆಯನ್ನು ನಿಷೇಧಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ಆ ಆದೇಶವನ್ನು ಎತ್ತಿಹಿಡಿಯಿತು. 2025ರಲ್ಲಿ ಜಾರಿಗೆ ಬಂದ ತಿದ್ದುಪಡಿ ಕಾಯಿದೆಯು ಹುಕ್ಕಾ ಬಾರ್ ನಡೆಸುವವರಿಗೆ ಸೆರೆವಾಸ ಮತ್ತು ದಂಡವನ್ನು ವಿಧಿಸುತ್ತದೆ. ಆದರೆ ಕಾನೂನು ರಾಜ್ಯದ ಗಡಿಯವರೆಗೆ ಮಾತ್ರ. ನಮ್ಮ ಮಕ್ಕಳು ಉದ್ಯೋಗಕ್ಕಾಗಿ ದುಬೈಗೆ, ದೋಹಾಕ್ಕೆ ಹೋಗುತ್ತಾರೆ. ಅಲ್ಲಿ 'ಶೀಷಾ' ಎಂಬ ಹೆಸರಿನಿಂದ ಇದು ಉಪಾಹಾರ ಗೃಹಗಳಲ್ಲಿ ಬಹಿರಂಗವಾಗಿ ದೊರೆಯುತ್ತದೆ. ಗಡಿ ದಾಟಿದ ಮೇಲೂ ಜೊತೆಯಲ್ಲಿ ಬರುವುದು ವ್ರತವೊಂದೇ.

ಅಹಿಂಸೆಯನ್ನು ನಾವು ಹೆಚ್ಚಾಗಿ ಹೊರಮುಖವಾಗಿಯೇ ಕಲಿತಿದ್ದೇವೆ. ಇರುವೆಯನ್ನು ಮೆಟ್ಟಬಾರದು, ಚಿಗುರನ್ನು ಚಿವುಟಬಾರದು. ಈ ಪಾಠ ಅತ್ಯಗತ್ಯ. ಆದರೆ ಇರುವೆಯ ಉಸಿರನ್ನು ಉಳಿಸುವ ಧರ್ಮ ಮಾನವನ ಉಸಿರನ್ನು ಬಿಟ್ಟುಬಿಡಲಾರದು, ಆ ಮಾನವ ತಾನೇ ಆಗಿದ್ದರೂ ಸಹ. ಗಂಟಲು ಕೆರೆದಾಗ, ಎದೆ ಬಿಗಿದಾಗ ಒಂದು ಪ್ರಾಣ ರಕ್ಷಣೆಯನ್ನು ಬೇಡುತ್ತಿದೆ ಎಂದು ತಿಳಿಯಬೇಕು. ಬೇರೊಂದು ಜೀವಿ ಹಾಗೆ ಬೇಡಿದ್ದರೆ ಯಾವ ಶ್ರಾವಕನೂ ಕಿವಿಗೊಡದೆ ಇರುತ್ತಿರಲಿಲ್ಲ.